ಕುರ್ಚಿಯ ಮೇಲಿನ ಕೋಟು

ಕೊರಿಯಾದ ಇಂಚಾನಿನ ನಮ್ಮ ಆಫೀಸಿನಲ್ಲಿ ಸಾಹೇಬರು ಹೊರಡುವ ಮುಂಚೆ ಯಾರೂ ಮನೆಗೆ ಹೋಗುವಂತಿಲ್ಲ. ಈ ಹಾಳು ಪದ್ಧತಿಯಿಂದ ನಮ್ಗುಂಗ್ ಸಾಹೇಬರ ಕೈಕೆಳಗಿನ ನಾಲ್ವರು ಬೇಸತ್ತು ಕೆಲಸ ಬಿಟ್ಟರು. ಐದನೆಯವರೂ ಬಿಟ್ಟರೆ ಸಾಹೇಬರ ಕೆಲಸಕ್ಕೇ ಸಂಚಕಾರ. ಹಾಗಾಗಿ ಪಾಪ, ನಮಗೋಸ್ಕರ ದಿನಾ ಸಂಜೆ ಆರಕ್ಕೇ ಎದ್ದು ಹೋಗತೊಡಗಿದರು.

ನಿನ್ನೆ ರಾತ್ರಿ ಎಂಟಕ್ಕೆ ಸಾಹೇಬರು ಮರೆತ ಫೋನಿಗೆಂದು ಚಳಿಯಲ್ಲಿ ನಡುಗುತ್ತ ವಾಪಸು ಬಂದರೆ, ನಾವೆಲ್ಲ ಕೂತೇ ಇದ್ದೆವು.

"ಇನ್ನೂ ಹೋಗಿಲ್ವೇನ್ರೀ? ನನ್ನ ಮುಳುಗಿಸ್ಬೇಕು ಅಂತಾನೇ ಕೂತಿದೀರಾ?"

"ನಿಮ್ಮ ಕೋಟು ದಿನಾ ಕುರ್ಚಿ ಮೇಲೇ ಇರತ್ತಲ್ಲ ಸಾಹೇಬ್ರೇ! ಇಲ್ಲೇ ಎಲ್ಲೋ ಇದೀರಿ ಅಂದ್ಕೊಂಡ್ವಿ," ಎಂದೆ. "ಅದನ್ಯಾಕೆ ಬಿಟ್ಟು ಹೋಗ್ತೀರಿ?"

ಅವರು ಮೇಲಕ್ಕೆ ಬೆರಳು ತೋರಿಸಿದರು. "ಮಹಡಿ ಮೇಲಿನ ದೊಡ್ಡ ಸಾಹೇಬ್ರು ಇನ್ನೂ ಹೋಗಿರಲ್ವಲ್ಲಮ್ಮಾ!"

ಚೀಲದಲ್ಲಿದ್ದ ನನ್ನ ರಾಜೀನಾಮೆ ಪತ್ರವನ್ನು ಅವರ ಮುಂದಿಟ್ಟೆ. ಅವರು ಕೋಟು ತೊಟ್ಟು ಕುರ್ಚಿಯಲ್ಲಿ ಕುಸಿದರು. ಸಾಹೇಬರು ಕೂತರಲ್ಲ, ರಾಜೀನಾಮೆ ಕೊಟ್ಟ ನಾನೂ ಕೂತೆ.