ಲಕ್ಕಿ ಕಟ್ಟಿದ ಹೊಗೆಯಿಲ್ಲದ ಒಲೆ

ಹೊಳನಗದ್ದೆಯಲ್ಲಿ ಯಾರ ಮನೆಗೆ ಹೊಸ ಒಲೆ ಬೇಕಾದರೂ ಲಕ್ಕಿಯನ್ನೇ ಕರೆಯುತ್ತಿದ್ದರು. ಹುತ್ತದ ಮಣ್ಣಿಗೆ ಭತ್ತದ ಹೊಟ್ಟು ಎಷ್ಟು, ಸಗಣಿ ಎಷ್ಟು ಎಂಬುದನ್ನು ಮುಷ್ಟಿಯಲ್ಲಿ ಹಿಂಡಿ ನೋಡಿಯೇ ಅವಳು ಹೇಳುತ್ತಿದ್ದಳು. ಗಂಡ ದೇವು ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪಿನ ಆಗರಕ್ಕೂ ಮಳೆಗಾಲದಲ್ಲಿ ಯಾರದಾದರೂ ಗದ್ದೆಗೂ ಕೂಲಿಗೆ ಹೋಗುತ್ತಿದ್ದ. ಮಕ್ಕಳಿರಲಿಲ್ಲ. ಹೊನ್ನಾವರದ ಕಡೆಯ ತವರಿನಿಂದ ತಮ್ಮ ವೆಂಕಟನನ್ನು ಕರೆತಂದು, ಐದು ವರ್ಷ ಮನೆಯಲ್ಲಿಟ್ಟುಕೊಂಡು ಕುಮಟೆಯ ಕಾಲೇಜಿಗೆ ಕಳಿಸಿದ್ದಳು. ಊರಲ್ಲಿ ಕಲಿತವರ ಮಾತು ಬಂದರೆ ‘ನಮ್ಮ ವೆಂಕಟ’ ಎನ್ನದೆ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ.

ಎಂಬತ್ತನಾಲ್ಕರ ದೀಪಾವಳಿ ಕಳೆದ ವಾರ ವೆಂಕಟ ಸೈಕಲ್ ಏರಿ ಬಂದ. ಸರಕಾರದ ಹೊಸ ಒಲೆ ಯೋಜನೆಯಲ್ಲಿ ಅವನಿಗೆ ಮೇಲ್ವಿಚಾರಕನ ಕೆಲಸ ಸಿಕ್ಕಿತ್ತು.

“ಅಕ್ಕಾ, ನಿನ್ನ ಕೈಗೆ ಹೇಳಿ ಮಾಡ್ಸಿದ ಕೆಲ್ಸ ಬಂದದೆ.”

“ಎಂತದಾ?”

“ಒಲೆ ಕಟ್ಟೂದು. ಹೊಗೆ ಎಲ್ಲ ಕೊಳವೇಲಿ ಹೊರಗೆ ಹೋಗ್ತದೆ. ಕಟ್ಟಿಗೆ ಅರ್ಧಕ್ಕರ್ಧ ಉಳೀತದೆ.”

ಲಕ್ಕಿ ನಕ್ಕಳು. “ಸರಕಾರಕ್ಕೂ ಒಲೆ ಬೇಕಾತಾ?”

ನಗೆಯಾಡಿದರೂ ಹೋದಳು. ಕುಮಟೆಯಲ್ಲಿ ಹತ್ತು ದಿನದ ತರಬೇತಿ. ಮೂರು ಬಾಯಿಯ ಒಲೆ. ಒಂದರ ಬೆಂಕಿ ಸುರಂಗದಲ್ಲಿ ಹಾದು ಉಳಿದೆರಡನ್ನೂ ಕಾಯಿಸಿ, ಕೊನೆಗೆ ಕೊಳವೆಯಲ್ಲಿ ಮೇಲೇರುತ್ತಿತ್ತು. ಉಳಿದವರು ಅಳತೆ ಬರೆದುಕೊಂಡರು. ಅಕ್ಷರ ಬಾರದ ಲಕ್ಕಿ ಒಂದು ಹುರಿಗೆ ಗಂಟು ಹಾಕಿಕೊಂಡು ಬಂದಳು. ಮೊದಲ ಒಲೆಯನ್ನು ತನ್ನ ಮನೆಯಲ್ಲೇ ಕಟ್ಟಿದಳು. ಅದು ಒಣಗಿ ಬೆಂಕಿ ಹಚ್ಚಿದ ದಿನ ಅತ್ತೆ ನಾಗಮ್ಮ ಒಲೆಯೆದುರು ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುವುದು ಬೇಕಾಗಲಿಲ್ಲವೆಂದು ಬಂದವರಿಗೆಲ್ಲ ಹೇಳಿದಳು. ಎರಡು ದಿನಕ್ಕೊಮ್ಮೆ ಗುಡ್ಡ ಹತ್ತಿ ಕಟ್ಟಿಗೆ ಹೊರೆ ತರುತ್ತಿದ್ದ ಲಕ್ಕಿಗೆ ಈಗ ನಾಲ್ಕು ದಿನಕ್ಕೊಮ್ಮೆ ಹೋದರೆ ಸಾಕಾಯಿತು.

ಆದರೆ ಸರಕಾರದ ಅಳತೆ ಆ ಊರಿನ ಅಡುಗೆಗೆ ಒಗ್ಗಲಿಲ್ಲ. ಕುಚ್ಚಲಕ್ಕಿ ಬೇಯಿಸುವ ದೊಡ್ಡ ಹೊಟ್ಟೆಯ ಗಡಿಗೆ ಮೊದಲ ಬಾಯಿಯಲ್ಲಿ ಕೂರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೊಳವೆ ನೆಟ್ಟಗೆ ಮೇಲೇರಿ ಮನೆಯ ಮೇಲಿನ ಮಾಡನ್ನು ತೂರಿ ಹೋಗಬೇಕಿತ್ತು. ಹೆಂಚಿನ ಮನೆಗೆ ಅದು ಸರಿ. ಊರಲ್ಲಿ ಅರ್ಧಕ್ಕಿಂತ ಹೆಚ್ಚು ಹುಲ್ಲಿನ ಮಾಡು; ಕಾದ ಕೊಳವೆ ತಾಗಿದರೆ ಹೊತ್ತಿಕೊಳ್ಳುವಂಥದ್ದು. ಲಕ್ಕಿ ತನ್ನ ಮನೆಯ ಒಲೆಯ ಬಾಯಿಯನ್ನು ನಾಲ್ಕು ಬೆರಳು ಅಗಲಿಸಿದಳು. ಹಳೆಯ ಗಡಿಗೆಯೊಂದರ ತಳ ಒಡೆದು, ಅದನ್ನೇ ಕೊಳವೆಗೆ ಮೊಣಕೈಯಂತೆ ಓರೆಯಾಗಿ ಕೂರಿಸಿ, ಕೊಳವೆಯನ್ನು ಗೋಡೆಯ ಮೂಲಕ ಹೊರಗೆ ಹಾಯಿಸಿದಳು. ಅಲ್ಲಿಂದ ಮಾಡಿನಿಂದ ದೂರ ಒಂದು ಕಂಬಕ್ಕೆ ಕಟ್ಟಿ ಎತ್ತರಿಸಿದಳು. ಬೇರೆ ಮನೆಗಳಲ್ಲಿ ಹಾಗೆ ಕಟ್ಟುವ ಮೊದಲು ವೆಂಕಟನನ್ನು ಕೇಳಿದಳು.

“ಅಳತೆ ತಪ್ಪಿದ್ರೆ ನಿಂಗೆ ತೊಂದ್ರೆ ಆಗೂದಿಲ್ಲ ಅಲ್ದಾ?”

ಅವನು ಒಲೆಯ ಸುತ್ತ ಬಂದು ನೋಡಿದ. “ಒಳ್ಳೇದೇ ಆತು. ನಿನ್ನ ಕೈಗೆ ತಿಳಿದ ಹಾಂಗೆ ಮಾಡು ಅಕ್ಕಾ. ಕೇಳಿದವ್ರಿಗೆ ನಾ ಹೇಳ್ತೆ.”

ಆ ಮಾತನ್ನು ನಂಬಿ ಅವಳು ಚಳಿಗಾಲ ಮುಗಿಯುವುದರೊಳಗೆ ಮೂವತ್ತಕ್ಕೂ ಹೆಚ್ಚು ಮನೆಗಳಲ್ಲಿ ಅಂಥ ಒಲೆ ಕಟ್ಟಿದಳು. ಪಕ್ಕದ ಮನೆಯ ಸೀತೆ ಮಾತ್ರ ಮೊದಲು ಒಪ್ಪಿರಲಿಲ್ಲ. ಲಕ್ಕಿಯ ಅಡುಗೆಮನೆಯಲ್ಲಿ ಮೂರು ದಿನ ಬಂದು ಕೂತು ನೋಡಿ, ಆಮೇಲೆ ತಾನೇ ಹುತ್ತದ ಮಣ್ಣು ಹೊತ್ತು ತಂದಳು.

ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ಜೀಪು ಸೀತೆಯ ಮನೆಯೆದುರು ನಿಂತಿತು. ಲಕ್ಕಿ ಒಗೆದ ಸೀರೆಯುಟ್ಟು ಅಂಗಳದಲ್ಲಿ ಕಾದಿದ್ದಳು. ಸಾಹೇಬರು ಟೇಪು ಹಿಡಿದು ಒಲೆಯ ಬಾಯಿ ಅಳೆದರು. ಗೋಡೆ ತೂರಿ ಹೋದ ಕೊಳವೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು.

“ಇದು ನಮ್ಮ ನಕ್ಷೆಯಲ್ಲಿಲ್ಲ. ಯಾರು ಹೇಳಿದರು ಹೀಗೆ ಕಟ್ಟಲು?”

ಲಕ್ಕಿ ತಮ್ಮನ ಮುಖ ನೋಡಿದಳು. ಈಗ ಹೇಳುತ್ತಾನೆ ಎಂದುಕೊಂಡಳು. ವೆಂಕಟ ಕೈಯಲ್ಲಿದ್ದ ಕಡತವನ್ನು ಎದೆಗೊತ್ತಿ ಹಿಡಿದುಕೊಂಡ.

“ನಾನು ಅಳತೆ ಸರಿಯಾಗಿಯೇ ತಿಳಿಸಿದ್ದೆ ಸರ್. ಓದು ಬರಹ ಬಾರದ ಹೆಂಗಸು. ಹೇಳಿದ್ದು ತಲೆಗೆ ಹೋಗಲಿಲ್ಲ.”

“ಯಾರು ಈಕೆ?”

“ಇಲ್ಲಿಯವಳೇ ಸರ್. ಕೂಲಿಗೆ ತಗೊಂಡಿದ್ದು.”

ಸೀತೆ ಏನೋ ಹೇಳಹೋದಾಗ ಅವಳ ಗಂಡ ಕಣ್ಣು ಬಿಟ್ಟು ತಡೆದ. ಜೀಪು ಹೋಯಿತು. ವೆಂಕಟ ಅದರಲ್ಲೇ ಕೂತು ಹೋದ.

ಮುಂದಿನ ವಾರ ಕುಮಟೆಯಿಂದ ಇಬ್ಬರು ಆಳುಗಳು ಹಾರೆ ತಂದರು. ಅಳತೆ ತಪ್ಪಿದ ಒಲೆಗಳನ್ನೆಲ್ಲ ಒಡೆದು, ನಕ್ಷೆಯಂತೆ ಮತ್ತೆ ಕಟ್ಟಬೇಕೆಂದು ಅಪ್ಪಣೆಯಾಗಿತ್ತು. ಲಕ್ಕಿ ಮನೆಮನೆಗೆ ಹೋಗಿ, “ಹುಲ್ಲಿನ ಮಾಡಿಗೆ ಕೊಳವೆ ತೂರಿಸ್ಬೇಡಿ” ಎಂದು ಬೇಡಿಕೊಂಡಳು. ಸರಕಾರದ ಕೆಲಸಕ್ಕೆ ಅಡ್ಡ ಬರುವವರು ಯಾರು? ದಿನಕ್ಕೆ ಆರೇಳರಂತೆ ಅವಳ ಒಲೆಗಳು ಒಡೆದು, ನಕ್ಷೆಯ ಒಲೆಗಳು ಎದ್ದವು. ತನ್ನ ಅಡುಗೆಮನೆಯ ಬಾಗಿಲಲ್ಲಿ ಮಾತ್ರ ಅವಳು ಅಡ್ಡ ಕೂತು ಆಳುಗಳನ್ನು ಒಳಗೆ ಬಿಡಲಿಲ್ಲ.

ಮೇ ತಿಂಗಳ ಕೊನೆಗೆ, ಒಂದು ಹನಿ ಮಳೆ ಬೀಳುವ ಮೊದಲು, ಮಧ್ಯಾಹ್ನದ ಹೊತ್ತಿಗೆ ಸೀತೆಯ ಮನೆಯ ಮಾಡು ಹೊತ್ತಿಕೊಂಡಿತು. ಕೊಳವೆ ಹುಲ್ಲಿಗೆ ತಾಗಿದ ಕಡೆಯೇ ಬೆಂಕಿ ಹುಟ್ಟಿತ್ತು. ಜನ ಬಾವಿಯಿಂದ ನೀರು ಸೇದಿ ಎರಚಿದರು. ಜೀವಕ್ಕೇನೂ ಆಗಲಿಲ್ಲ, ಆದರೆ ಬಿತ್ತನೆಗೆ ಇಟ್ಟ ಭತ್ತ, ಬಟ್ಟೆಬರೆ ಎಲ್ಲ ಹೋಯಿತು. ಕೊಡ ಹಿಡಿದು ಓಡಿಬಂದ ಲಕ್ಕಿಯ ಕೈಯನ್ನು ಸೀತೆ ತಳ್ಳಿದಳು.

“ನೀನೇ ಅಲ್ದಾ ಈ ಒಲೆ ನಮ್ಮೂರಿಗೆ ತಂದವ್ಳು! ನೀನೂ ನಿನ್ನ ತಮ್ಮನೂ!”

ಲಕ್ಕಿ ಕೊಡದ ನೀರನ್ನು ಹೊಗೆಯಾಡುವ ತೊಲೆಗೆ ಸುರಿದು ಮನೆಗೆ ಬಂದಳು. ಆಮೇಲೆ ಒಲೆಗೆಂದು ಅವಳನ್ನು ಯಾರೂ ಕರೆಯಲಿಲ್ಲ. ಹೆಂಗಸರು ಮತ್ತೆ ಮೂರು ಕಲ್ಲು ಹೂಡಿದರು, ಹೊರೆಗೆ ಮತ್ತೆ ಗುಡ್ಡ ಹತ್ತಿದರು.

ಎರಡು ವರ್ಷದ ಮೇಲೆ ಕುಮಟೆಯಲ್ಲಿ ಸರಕಾರದ ವಸ್ತುಪ್ರದರ್ಶನ ನಡೆಯಿತು. ಸಂತೆಗೆ ಹೋಗಿದ್ದ ಲಕ್ಕಿ ಜನರ ಹಿಂದೆ ಒಳಹೊಕ್ಕಳು. ಒಂದು ಮೇಜಿನ ಮೇಲೆ ಮಣ್ಣಿನ ಒಲೆಯಿತ್ತು. ಅಗಲದ ಬಾಯಿ. ಗೋಡೆಯ ಕಡೆಗೆ ಬಾಗಿದ ಕೊಳವೆ. ಬಾಗಿದಲ್ಲಿ ತಳ ಒಡೆದ ಗಡಿಗೆ. ಮೇಲೆ ಹಲಗೆಯಲ್ಲಿ ಏನೋ ಬರೆದಿತ್ತು. ಪಕ್ಕದಲ್ಲಿದ್ದ ಶಾಲೆಯ ಹುಡುಗಿಯನ್ನು ಓದಿ ಹೇಳೆಂದಳು. ಹುಡುಗಿ ಓದಿದಳು: “ಕರಾವಳಿಯ ಮನೆಗಳಿಗೆ ಸುಧಾರಿತ ಒಲೆ. ವಿನ್ಯಾಸ, ಮೇಲ್ವಿಚಾರಕ ವೆಂಕಟ ನಾಯ್ಕ.”

ಅವನು ಆಚೆ ಯಾರಿಗೋ ವಿವರಿಸುತ್ತಿದ್ದ. ಅಕ್ಕನನ್ನು ಕಂಡು ಹತ್ತಿರ ಬಂದು ದನಿ ತಗ್ಗಿಸಿದ.

“ಇಲ್ಲಿ ಎಂತದೂ ಹೇಳ್ಬೇಡ ಅಕ್ಕಾ. ಆ ಬೆಂಕಿ ಆದ್ಮೇಲೆ ಮೇಲಿನವ್ರೇ ಬೇರೆ ನಕ್ಷೆ ಕೇಳಿದ್ರು. ನಿನ್ನ ಹೆಸ್ರು ಬರೆದ್ರೆ ಮೇಲಿನವ್ರು ಯಾರು ಕೇಳ್ತಿದ್ರು? ಒಲೆ ಜನಕ್ಕೆ ಸಿಕ್ತಲ್ಲ.”

“ಹೆಸ್ರು ನೀನೇ ಇಟ್ಕೊ,” ಎಂದಳು ಲಕ್ಕಿ. “ಸೀತೆ ಮನೆ ಸುಟ್ಟಾಗ ಈ ಒಲೆ ಎಲ್ಲಿತ್ತು? ‘ಇವ್ಳು ನನ್ನ ಅಕ್ಕ’ ಅಂತ ಆ ಸಾಹೇಬ್ರಿಗೆ ಹೇಳೂಕೆ ನಿಂಗೆ ಎಂತ ಆಗಿತ್ತು?”

ಅವನು ಹಲಗೆಯ ಕಡೆ ನೋಡಿದ, ಜನರ ಕಡೆ ನೋಡಿದ.

ಮರುವರ್ಷ ಮಳೆಗಾಲಕ್ಕೆ ಮೊದಲು ಅವನು ಹೊಳನಗದ್ದೆಗೆ ಬಂದ. ಭಟ್ಕಳ ತಾಲೂಕಿನ ತೆಂಗಿನಗುಂಡಿಯಲ್ಲಿ ಮೀನುಗಾರರ ಮನೆಗಳಿಗೆ ಆ ಒಲೆ ಕಟ್ಟಿಸಬೇಕಿತ್ತು. ಕಲಿಸುವವರು ಸಿಕ್ಕಿರಲಿಲ್ಲ. ಗಡಿಗೆಯ ಬಾಗು ಯಾರ ಕೈಗೂ ಹಿಡಿಯುತ್ತಿರಲಿಲ್ಲ.

“ಈ ಸಲ ನಿನ್ನ ಹೆಸ್ರೂ ಹಾಕಿಸ್ತೆ,” ಎಂದ.

ಲಕ್ಕಿ ಜಗಲಿಯ ಮೇಲೆ ನೀರು ತಂದಿಟ್ಟಳು. “ಅಲ್ಲಿಯ ಹೆಂಗಸ್ರ ಮೇಲೆ ನಂಗೆ ಸಿಟ್ಟಿಲ್ಲ. ನೀ ನಿಂತ ಕಡೆ ನಾ ಮಣ್ಣು ಮುಟ್ಟೂದಿಲ್ಲ.”

ವೆಂಕಟ ನೀರು ಕುಡಿಯದೆ ಎದ್ದು ಹೋದ. ತೆಂಗಿನಗುಂಡಿಯ ಒಲೆಗಳನ್ನು ಬೇರೆ ಯಾರೋ ಕಟ್ಟಿದರು. ಬಾಗಿನಲ್ಲಿ ಬಿರುಕು ಬಿಟ್ಟು ಅವು ಒಂದೇ ಮಳೆಗಾಲದಲ್ಲಿ ಹೊಗೆಯುಗುಳಿದವೆಂದು ಅಲ್ಲಿಂದ ನಂಟರ ಮನೆಗೆ ಬಂದು ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಹೇಳಿದಳು. ಅದನ್ನು ಕೇಳಿ ಲಕ್ಕಿಗೆ ಸಂತೋಷವಾಗಲಿಲ್ಲ. ಹೊಗೆಗೆ ಕೆಂಪಾದ ಆ ಹೆಂಗಸಿನ ಕಣ್ಣುಗಳನ್ನೇ ನೋಡುತ್ತ, ಕೊಂಡ ಮೀನನ್ನು ಕೈಯಲ್ಲೇ ಹಿಡಿದು ನಿಂತಿದ್ದಳು.