ಗಡಿಗೆ ಹೋದ ದೋಣಿ

ನಮ್ಮಪ್ಪ ಕುಣಿಗಲ್ ದೊಡ್ಡಕೆರೆಯಲ್ಲಿ ಹರಿಗೋಲು ಹಾಕುತ್ತಿದ್ದ. ಆಚೆ ದಡದ ಹಳ್ಳಿಯವರನ್ನು ಸಂತೆಗೆ, ಆಸ್ಪತ್ರೆಗೆ, ಕೋರ್ಟಿಗೆ ದಾಟಿಸುವುದು ಅವನ ಕೆಲಸ. ದಾಟಿದವರು ಕಾಸು ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಅಪ್ಪ ಅವರ ಕಣಕ್ಕೆ ಹೋಗಿ ದುಪ್ಪಟಿ ಹಾಸಿದರೆ ರಾಗಿ ಅಳೆದು ಸುರಿಯುತ್ತಿದ್ದರು. ಅದಕ್ಕೆ ಆಯ ಎನ್ನುತ್ತಿದ್ದರು. ಒಂದು ಸುಗ್ಗಿ ಕಣಕ್ಕೆ ಹೋಗದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ ಎಂಬುದು ಅದರ ಕಟ್ಟಳೆ. ಅಪ್ಪ ಜ್ವರದಲ್ಲೂ ಹೋಗುತ್ತಿದ್ದ.

ಐವತ್ತರ ದಶಕದ ಕೊನೆಯಲ್ಲಿ ಸರ್ಕಾರಕ್ಕೆ ನಮ್ಮ ಕೆರೆಯ ಮೇಲೆ ಪ್ರೀತಿ ಉಕ್ಕಿತು. ಊರವರು ಶ್ರಮದಾನ ಮಾಡಿ ದೋಣಿಕಟ್ಟೆ ಕಟ್ಟಿದರೆ ಸರ್ಕಾರದ ಖರ್ಚಿನಲ್ಲಿ ಮರದ ದೋಣಿ ಬರುತ್ತದೆ, ಅದನ್ನು ನಡೆಸುವ ನೌಕರಿ ಅಪ್ಪನಿಗೇ ಎಂದರು. ಲಂಗ ಎತ್ತಿಕಟ್ಟಿ ನಾನೂ ಮಣ್ಣು ಹೊತ್ತೆ. ಕಟ್ಟೆ ಮುಗಿದ ದಿನ ಸಾಹೇಬರೊಬ್ಬರು ಬಂದು ಭಾಷಣ ಮಾಡಿದರು.

"ಶತ್ರು ರಸ್ತೆ ಕಡೀಬೋದು, ರೈಲು ನಿಲ್ಲಿಸಬೋದು. ನೀರಿನ ದಾರಿ ಕಡಿಯೋಕಾಗಲ್ಲ. ಕೆರೆ, ಹೊಳೆ, ಕಾಲುವೇಲಿ ದೋಣಿ ಓಡ್ಸೋಕೆ ಸರ್ಕಾರ ಹಾಕೋ ದುಡ್ಡು ದೇಶದ ಕಾವಲಿಗೆ ಹಾಕಿದ ದುಡ್ಡು."

ನಮ್ಮ ಕೆರೆಗೆ ಶತ್ರು ಯಾವ ಮೂಲೆಯಿಂದ ಬರುತ್ತಾನೋ ತಿಳಿಯಲಿಲ್ಲ. ಆದರೂ ಚಪ್ಪಾಳೆ ಹೊಡೆದೆವು.

ದೋಣಿ ಬಂತು. ಹುಟ್ಟು ಉಜ್ಜಿ ಮರ ಸವೆಯದಿರಲೆಂದು ಅಪ್ಪ ಹರಿಗೋಲಿನ ಚರ್ಮವನ್ನೇ ಕತ್ತರಿಸಿ ದೋಣಿಯ ಅಂಚಿಗೆ ಮೊಳೆ ಹೊಡೆದ. ಹರಿಗೋಲು ಅಲ್ಲಿಗೆ ಮುಗಿಯಿತು. ಆ ಸುಗ್ಗಿಗೆ ಕಣಕ್ಕೂ ಹೋಗಲಿಲ್ಲ.

"ಸರ್ಕಾರದ ಕೆಲ್ಸ ಸಿಕ್ದ ಮೇಲೂ ರೈತ್ರ ರಾಗಿಗೆ ಕೈ ಒಡ್ಡಿದ್ರೆ ನಾಚ್ಕೆಗೇಡು" ಎಂದ. ಅಮ್ಮ ಮುಖ ಊದಿಸಿಕೊಂಡಳು.

ಚೀನಾ ಯುದ್ಧ ಬಂದಾಗ ಅದೇ ಸಾಹೇಬರು ಲಾರಿ ತಂದರು. ಗಡಿಯ ಹೊಳೆಗಳಲ್ಲಿ ಸೈನಿಕರನ್ನು ದಾಟಿಸಲು ದೋಣಿ ಬೇಕಂತೆ, ಯುದ್ಧ ಮುಗಿದ ಮೇಲೆ ಹೊಸದು ಕೊಡುತ್ತಾರಂತೆ. ಅಪ್ಪ ತಾನೇ ದೋಣಿಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಲಾರಿಗೆ ಏರಿಸಲು ಹೆಗಲು ಕೊಟ್ಟ.

ಯುದ್ಧ ಮುಗಿದರೂ ಹೊಸ ದೋಣಿ ಬರಲಿಲ್ಲ. ದೋಣಿ ಇಲ್ಲದ ಮೇಲೆ ನೌಕರಿ ಯಾಕೆಂದು ಅದನ್ನೂ ತೆಗೆದರು. ಅಪ್ಪ ಮತ್ತೆ ದುಪ್ಪಟಿ ಹೊತ್ತು ಕಣಕ್ಕೆ ಹೋದ. "ಆಯ ಬುಟ್ಟೋನು ನೀನೇ ಅಲ್ವೇನಣ್ಣ?" ಎಂದು ರೈತರು ಮುಖ ತಿರುಗಿಸಿದರು. ಜೀವಮಾನವೆಲ್ಲ ಇವನು ದಾಟಿಸಿದ ಜನ ಅವರು. ನನಗೆ ಇವತ್ತಿಗೂ ಅವರ ಮೇಲಿನ ಸಿಟ್ಟು ಇಳಿದಿಲ್ಲ. ಅಪ್ಪ ಮಾತ್ರ ಯಾರನ್ನೂ ಬೈಯಲಿಲ್ಲ. ಕೂಲಿಗೆ ಹೋಗುತ್ತಾ, ಸಿಕ್ಕಿದವರಿಗೆಲ್ಲ "ನಮ್ ದೋಣಿ ಗಡೀಲದೆ" ಎನ್ನುತ್ತಿದ್ದ. ಆ ಒಂದು ಮಾತು ಹಿಡಿದುಕೊಂಡೇ ಅವನು ತಲೆ ಎತ್ತಿ ಓಡಾಡುತ್ತಿದ್ದ.

ನನ್ನನ್ನು ಗುಬ್ಬಿಗೆ ಕೊಟ್ಟರು. ಮೊಮ್ಮಗುವನ್ನು ನೋಡಲು ಬಂದ ಅಪ್ಪ ನಮ್ಮತ್ತೆಗೂ ಗಡಿಯ ಕತೆ ಹೇಳಿದ. ಮಾರನೆಯ ಬೆಳಿಗ್ಗೆ ಗುಬ್ಬಿ ಕೆರೆ ನೋಡಬೇಕೆಂದ, ಕರೆದುಕೊಂಡು ಹೋದೆ. ಕೆರೆಯ ಪಕ್ಕದಲ್ಲೊಂದು ಸರ್ಕಾರಿ ಬಂಗಲೆ, ಅದರ ಮುಂದೆ ನೀಲಿ ಬಣ್ಣ ಬಳಿದ ದೋಣಿ. ನನಗೆ ಗುರುತು ಸಿಗಲಿಲ್ಲ. ಅಪ್ಪ ಅದರ ಅಂಚಿನ ಚರ್ಮ ಸವರಿ ಅಲ್ಲೇ ನಿಂತುಬಿಟ್ಟ.

"ಯುದ್ಧಕ್ಕೋಗಿ ಬಂದಿದ್ದಾ ಇದು?" ಎಂದು ಬಂಗಲೆಯ ಕಾವಲುಗಾರನನ್ನು ಕೇಳಿದ.

"ಯಾವ ಯುದ್ಧ ಯಜಮಾನ್ರೆ? ಕುಣಿಗಲ್‌ನಿಂದ ಲಾರೀಲಿ ಸೀದಾ ಇಲ್ಲಿಗೇ ಬಂತು. ಸಾಹೇಬ್ರುಗಳು ಬಾತುಕೋಳಿ ಹೊಡಿಯಕ್ಕೆ ಹೋಯ್ತಾರೆ."

ಅಪ್ಪ ಕುಕ್ಕರಗಾಲಲ್ಲಿ ಕೂತು, ಅಡಿಕೆ ಕತ್ತರಿಸುವ ಚೂರಿಯಿಂದ ಮೊಳೆ ಕೀಳತೊಡಗಿದ.

"ಮುಟ್ಬೇಡಿ, ಸರ್ಕಾರದ ದೋಣಿ ಅದು."

"ದೋಣಿ ಸರ್ಕಾರದ್ದೇ ಕಣಪ್ಪ. ತೊಗಲು ನಂದು."

ಚರ್ಮವನ್ನು ಟವಲಿನಲ್ಲಿ ಗಂಟು ಕಟ್ಟಿಕೊಂಡ. ದಾರಿಯುದ್ದಕ್ಕೂ ನಾನೇ ಸಾಹೇಬರಿಗೆ ಶಾಪ ಹಾಕಿದೆ. ಮನೆಯಲ್ಲಿ ಪಕ್ಕದ ಮನೆಯವರು ಬಂದು ಕೂತಿದ್ದರು. ಅತ್ತೆ ಸಡಗರದಿಂದ, "ಬೀಗ್ರೆ, ಗಡೀಗೋದ ದೋಣಿ ವಿಷ್ಯ ಇವ್ರಿಗೂ ಒಸಿ ಹೇಳಿ" ಎಂದರು.

"ಅದು ಮುಳುಗೋಯ್ತು ತಾಯಿ" ಎಂದು ಅಪ್ಪ ಗಂಟನ್ನು ಮಡಿಲಿಗೆ ಎಳೆದುಕೊಂಡ.