ಪೆನ್ಸಿಲ್ ಗುರುತಿನ ಮೇಲೆ ಸಹಿ ಹಾಕದ ವರ್ಷ

ನಿಮ್ಮ ಮಕ್ಕಳು ಕಳೆದ ವರ್ಷ ಎಷ್ಟು ರಾತ್ರಿ ಯಾರ ಮನೆಯಲ್ಲಿ ಮಲಗಿದ್ದರು? ಇದನ್ನು ಕೇಳಿದ್ದು ಅತ್ತೆಯಲ್ಲ, ಓಣಿಯವರೂ ಅಲ್ಲ, ಅಮೆರಿಕದ ತೆರಿಗೆ ಇಲಾಖೆ. ನನ್ನೂರು ರಾಣೆಬೆನ್ನೂರಿನಲ್ಲಿ ಬೇಸಿಗೆ ಬಂತೆಂದರೆ ಓಣಿಯ ಮಕ್ಕಳೆಲ್ಲ ಯಾರದೋ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ಆ ಲೆಕ್ಕ ಯಾವ ಸರ್ಕಾರಕ್ಕೂ ಬೇಕಿರಲಿಲ್ಲ. ಇಲ್ಲಿ ಬೇಕು. ವಿಚ್ಛೇದನವಾದವರಲ್ಲಿ ಮಕ್ಕಳು ಹೆಚ್ಚು ರಾತ್ರಿ ಯಾರ ಹತ್ತಿರ ಇರುತ್ತಾರೋ, ಅವರು ಟ್ಯಾಕ್ಸ್ ಕಟ್ಟುವಾಗ ಮಕ್ಕಳ ಹೆಸರು ತೋರಿಸಿ ರಿಯಾಯಿತಿ ಪಡೆಯಬಹುದು. ಇನ್ನೊಬ್ಬರಿಗೆ ಬಿಟ್ಟುಕೊಡುವುದಾದರೆ ಅದಕ್ಕೊಂದು ಫಾರ್ಮ್ ಇದೆ.

ಆ ಫಾರ್ಮ್ ಫೆಬ್ರವರಿಯಲ್ಲೇ ನನ್ನ ಮನೆಗೆ ಬಂದಿತ್ತು. ಆಗ ನಾನು ವಿಚ್ಛೇದನವಾಗಿ, ಒಂಬತ್ತು ವರ್ಷದ ಸಿರಿ, ಆರು ವರ್ಷದ ಚೇತನ್‌ನನ್ನು ಕಟ್ಟಿಕೊಂಡು ಮಾನ್ಮತ್ ಜಂಕ್ಷನ್‌ನ ಅಪಾರ್ಟ್‌ಮೆಂಟಿಗೆ ಬಂದು ವರ್ಷವಾಗಿತ್ತು. ಪಕ್ಕದೂರು ಕ್ರ್ಯಾನ್‌ಬರಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಹಿಮ ಬಿದ್ದ ಬೆಳಿಗ್ಗೆ ಕಾರಿನ ಗಾಜು ಕೆರೆದು, ಇಬ್ಬರನ್ನೂ ಶಾಲೆಗೆ ಬಿಟ್ಟು, ನಾನೇ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ಮಕ್ಕಳ ಅಪ್ಪ ಹತ್ತಿರದ ಊರು ಎಡಿಸನ್‌ನಲ್ಲಿದ್ದರು. ವಾರ ಬಿಟ್ಟು ವಾರ, ಶನಿವಾರ ಭಾನುವಾರ ಮಕ್ಕಳು ಅಲ್ಲಿಗೆ ಹೋಗುತ್ತಿದ್ದರು.

ಫಾರ್ಮ್ ತಂದುಕೊಟ್ಟವರು ಶಿವಣ್ಣ ಅಂಕಲ್, ಮೈಸೂರಿನ ಕಡೆಯ ಹಿರಿಯರು. ನಮ್ಮ ಮದುವೆ ಉಳಿಸಲು ನಾಲ್ಕು ಸಲ ಪಂಚಾಯ್ತಿ ಮಾಡಿದವರು. ಸಹಿ ಹಾಕುವ ಜಾಗದಲ್ಲಿ ತೆಳ್ಳಗೆ ಪೆನ್ಸಿಲ್ಲಿನ ಇಂಟು ಗುರುತು. ನೋಡಿದ ಕೂಡಲೇ ನನ್ನ ಕೈ ಪೆನ್ನಿಗೆ ಹೋಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ. ಹತ್ತು ವರ್ಷ ಅದೇ ಆಗಿತ್ತು. ಮಕ್ಕಳ ಅಪ್ಪ ಗುರುತು ಹಾಕುವುದು, ನಾನು ಒಗ್ಗರಣೆ ಸೌಟು ಕೆಳಗಿಟ್ಟು ಬಂದು ಸಹಿ ಹಾಕುವುದು. ನಮ್ಮ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದಳು. ನಾನು ಎಂ.ಸಿ.ಎ. ಓದಿ ಅದನ್ನೇ ಮಾಡುತ್ತಿದ್ದೆ.

"ಅವನಿಗೆ ಸಂಬಳ ಜಾಸ್ತಿ, ಲಾಭನೂ ಜಾಸ್ತಿ ಆಗುತ್ತೆ. ಬರೀ ಪೇಪರ್ ತಾನೇ? ಅಡ್ಜಸ್ಟ್ ಮಾಡ್ಕೋ ತಾಯಿ," ಎಂದರು ಅಂಕಲ್.

"ಕಾಫಿ ಕುಡೀರಿ ಅಂಕಲ್, ಓದಿ ಹೇಳ್ತೀನಿ," ಎಂದೆ.

ಗುರುತು ಒಂದಲ್ಲ, ಎರಡಿದ್ದವು. ಮೇಲಿನದು ಈ ವರ್ಷಕ್ಕೆ. ಕೆಳಗಿನದು ಮುಂದಿನ ಎಲ್ಲ ವರ್ಷಗಳಿಗೂ. ಜ್ವರ ಬಂದಾಗ ಎದ್ದು ಕೂತವಳು ನಾನು, ಹಲ್ಲು ಬಿದ್ದಾಗ ತೆಗೆದಿಟ್ಟವಳು ನಾನು. ಕಾಗದದಲ್ಲಿ ಮಾತ್ರ ಇಬ್ಬರೂ ಕಾಲೇಜು ಸೇರುವವರೆಗೂ ಅಪ್ಪನ ಮಕ್ಕಳು.

"ಅಂಕಲ್, ಬರೀ ಪೇಪರ್ ಆಗಿದ್ರೆ ಅವರೇ ಬಿಟ್ಟುಕೊಡಲಿ."

ಅವರು ಕಾಫಿ ಅರ್ಧಕ್ಕೇ ಬಿಟ್ಟು ಎದ್ದರು. ಇಲ್ಲಿನ ಕನ್ನಡ ಸಂಘದ ಯುಗಾದಿ ಊಟಕ್ಕೆ ಆ ವರ್ಷ ನಮ್ಮನ್ನು ಯಾರೂ ಕರೆಯಲಿಲ್ಲ. ಹೋದರೆ ಹೋಯಿತು, ಹೋಳಿಗೆ ಮನೆಯಲ್ಲೇ ಮಾಡಿದೆ. ಹೂರಣ ತೆಳ್ಳಗಾಗಿತ್ತು, ಆದರೂ ಮೂವರೂ ಹೊಟ್ಟೆ ತುಂಬ ತಿಂದೆವು.

ಅಷ್ಟರಲ್ಲಿ ಮಕ್ಕಳ ಅಪ್ಪ ನನ್ನ ಸಹಿಯಿಲ್ಲದೆಯೇ ತಮ್ಮ ಟ್ಯಾಕ್ಸಿನಲ್ಲಿ ಇಬ್ಬರ ಹೆಸರನ್ನೂ ತೋರಿಸಿದ್ದರು. ನಾನೂ ತೋರಿಸಿದೆ. ಮೊದಲು ಹೇಳಿದೆನಲ್ಲ, ತೆರಿಗೆ ಇಲಾಖೆಯ ಆ ಪ್ರಶ್ನೆ ಪತ್ರವಾಗಿ ಬಂದದ್ದು ಆಮೇಲೆ: ಮಕ್ಕಳು ನಿಮ್ಮ ಹತ್ತಿರವೇ ಇದ್ದರೆಂದು ಪುರಾವೆ ಕಳಿಸಿ. ಊರಿನಲ್ಲಾದರೆ ಇಬ್ಬರು ದೊಡ್ಡವರನ್ನು ಕರೆದು ಹೇಳಿಸಿದರೆ ಮುಗಿಯಿತು. ಇಲ್ಲಿ ದೊಡ್ಡವರೆಲ್ಲ ಆ ಕಡೆಗಿದ್ದರು, ಮತ್ತು ಅವರ ಮಾತಿಗೆ ಇಲ್ಲಿ ಕಿಮ್ಮತ್ತಿರಲಿಲ್ಲ. ಶಾಲೆಯ ಆಫೀಸಿನವಳು, ಮಕ್ಕಳ ಡಾಕ್ಟರು, ಅಪಾರ್ಟ್‌ಮೆಂಟಿನ ಮ್ಯಾನೇಜರು, ನನ್ನ ಹೆಸರನ್ನು ನೆಟ್ಟಗೆ ಹೇಳಲೂ ಬಾರದ ಮೂವರು, ಒಂದೊಂದು ಪತ್ರ ಬರೆದುಕೊಟ್ಟರು. ಲಕೋಟೆಗೆ ಹಾಕುವಾಗ ಸಿರಿ ಬಂದು ಏನದು ಎಂದು ಕೇಳಿದಳು. ನೀವು ಎಲ್ಲಿ ಇರ್ತೀರಿ ಅಂತ ಕೇಳ್ಯಾರ, ಎಂದೆ.

"ವಿ ಲಿವ್ ಹಿಯರ್, ಅಮ್ಮಾ. ಡ್ಯಾಡಿ ಮನೇಲಿ ಮಲಗಿ ಬರೋ ಸ್ಲೀಪ್‌ಓವರ್," ಎಂದು ಹೋದಳು.

ಶರತ್ಕಾಲದಲ್ಲಿ ಉತ್ತರ ಬಂತು. ನಾನು ಬರೆದದ್ದನ್ನು ಒಪ್ಪಿದ್ದರು. ನನ್ನ ಹೆಸರಿನ ಕೆಳಗೆ ಇಬ್ಬರು ಮಕ್ಕಳು, ನಾನು 'ಹೆಡ್ ಆಫ್ ಹೌಸ್‌ಹೋಲ್ಡ್'. ಅಂದರೆ ಮನೆಯ ಯಜಮಾನಿ. ಊರಿನಲ್ಲಿ ಮದುವೆಯಾದ ವರ್ಷವೇ ನನ್ನ ಹೆಸರನ್ನು ತವರಿನ ರೇಷನ್ ಕಾರ್ಡಿನಿಂದ ತೆಗೆಸಿದ್ದರು. ಡೈವೋರ್ಸ್ ಆದ ಮೇಲೆ ಅತ್ತೆ ಮನೆಯ ಕಾರ್ಡಿನಿಂದಲೂ ತೆಗೆದರು. ನನ್ನ ಹೆಸರಿರುವ ಮನೆಯ ಕಾಗದ ಎಂದರೆ ನಾನು ಪ್ರಜೆಯೂ ಅಲ್ಲದ ಈ ದೇಶದ ಇದೊಂದೇ.

ಅವ್ವನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ರೇಷನ್ ಕಾರ್ಡಿನ ಮಾತಿಗೆ ಅವಳು ಹೇಳಿದಳು:

"ಹಳೇ ಕಾರ್ಡ್ ನಾ ಒಗದಿಲ್ಲವ್ವ, ಟ್ರಂಕಿನಾಗ ಐತಿ. ನಿನ್ನ ಹೆಸರಿನ ಮ್ಯಾಲೆ ಕೆಂಪು ಗೆರಿ ಎಳದಾರ, ಅಷ್ಟ. ಕೆಳಗ ಇನ್ನೂ ಓದಾಕ ಬರತೈತಿ."

ಆ ವರ್ಷವಿಡೀ ಅಳದವಳಿಗೆ ಆಗ ಅಳು ಬಂತು.

"ಅದನ್ನ ಹಂಗ ಇಡವ್ವ," ಎಂದೆ. "ಯಾರು ಕೇಳಿದ್ರೂ ಕೊಡಬ್ಯಾಡ."